ನಾಗಸಾಕಿಯಿಂದ ಅಕ್ಕನಿಗೆ



ನಮ್ಮ ಧರ್ಮಕೇಂದ್ರದ ಒಳ್ಳೆಯ ದಿನಗಳು ಅಜ್ಜಿಯ ಕಾಲಕ್ಕೇ ಮುಗಿದವು ಎಂದು ಬರೆದಿದ್ದೀಯ. ಹಬ್ಬದ ತೇರಿಗೆ ಜನವಿಲ್ಲ, ಹುಡುಗರೆಲ್ಲ ಊರು ಬಿಟ್ಟಿದ್ದಾರೆ, ಧರ್ಮೋಪದೇಶಕ್ಕೆ ಬರುವ ಮಕ್ಕಳು ಬೆರಳೆಣಿಕೆಯಷ್ಟು. ನಿನ್ನ ನೋವು ಸುಳ್ಳಲ್ಲ. ಆದರೆ ಹಳೆಯದಕ್ಕಾಗಿ ಹಂಬಲಿಸುತ್ತಿದ್ದರೆ ವಿಶ್ವಾಸ ಉಳಿದೀತು ಎಂಬ ಮಾತನ್ನು ನಾನು ಒಪ್ಪಲಾರೆ. ಈ ಊರಿನ ಚರಿತ್ರೆಯೂ ಒಪ್ಪುವುದಿಲ್ಲ.

ಕೊರಗಲು ನಾಗಸಾಕಿಯವರಿಗಿದ್ದಷ್ಟು ಕಾರಣ ನಮಗಿಲ್ಲ. ಹದಿನಾರನೆಯ ಶತಮಾನದ ಕೊನೆಗೆ ಇದು ಕ್ರೈಸ್ತರದೇ ಪಟ್ಟಣ ಎನ್ನುವಂತಿತ್ತು. ರೈಲು ನಿಲ್ದಾಣದ ಹತ್ತಿರವೇ ಇರುವ ನಿಶಿಜಾಕ ಗುಡ್ಡದ ಮೇಲೆ 1597ರಲ್ಲಿ 26 ಮಂದಿಯನ್ನು ಶಿಲುಬೆಯ ಮೇಲೆ ಕೊಂದರು. ಅವರಲ್ಲೊಬ್ಬರು ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಶೋಗುನ್ ಆಡಳಿತ ಧರ್ಮವನ್ನೇ ನಿಷೇಧಿಸಿತು. ಚರ್ಚುಗಳು ನೆಲಸಮವಾದವು, ಯೇಸುವಿನ, ಮರಿಯಮ್ಮನ ಚಿತ್ರವನ್ನು ತುಳಿದು ತೋರಿಸಬೇಕೆಂಬ ಕಟ್ಟಳೆ ಬಂತು. ಪಾದ್ರಿಗಳಿಲ್ಲದ, ಇಲ್ಲಿಯ ಉರಕಾಮಿ ಹಳ್ಳಿಯ ರೈತರು ತಮ್ಮಲ್ಲೇ ಒಬ್ಬನನ್ನು ಜ್ಞಾನಸ್ನಾನ ಕೊಡಲು, ಇನ್ನೊಬ್ಬನನ್ನು ಹಬ್ಬದ ದಿನಗಳ ಲೆಕ್ಕವಿಡಲು ನೇಮಿಸಿಕೊಂಡರು. ಹೆದರಿ ತುಳಿದವರು ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿ ಮತ್ತೆ ಮೊದಲಿಟ್ಟರು. ನನಗೆ ಹುತಾತ್ಮರಷ್ಟೇ ದೊಡ್ಡವರಾಗಿ ಕಾಣುವುದು ಇವರು. 1865ರ ಮಾರ್ಚ್ 17ರಂದು ಇವರ ಸಂತತಿಯವರು, ಇಲ್ಲಿ ವಿದೇಶಿಯರಿಗಾಗಿ ಕಟ್ಟಿದ್ದ ಓಉರ ಚರ್ಚಿಗೆ ಬಂದು, ಮರಿಯಮ್ಮನ ಪ್ರತಿಮೆ ಎಲ್ಲಿದೆ ಎಂದು ಫಾದರ್ ಪೆಟಿಜಾನರನ್ನು ಕೇಳಿದರು.

ಅಷ್ಟು ಕಾಲ ಅವರನ್ನು ಕಾದದ್ದು ನೆನಪೇ ಅಲ್ಲವೇ ಎಂದು ನೀನು ಕೇಳುತ್ತೀಯ. ನೆನಪೇ, ಒಪ್ಪಿದೆ. ಆದರೆ ಅದು ಬರಲಿರುವುದನ್ನು ಕಾಯುತ್ತಿದ್ದ ನೆನಪು. ಏಳು ತಲೆಮಾರು ಕಳೆದ ಮೇಲೆ ಪಾದ್ರಿಗಳು ಬರುತ್ತಾರೆಂದು ಬಾಸ್ಟಿಯನ್ ಎಂಬ ಉಪದೇಶಿ ನುಡಿದದ್ದನ್ನು ತಾಯಂದಿರು ಮಕ್ಕಳಿಗೆ ಹೇಳುತ್ತ ಬಂದಿದ್ದರು. ಪಾದ್ರಿಗಳು ಬಂದಾಗಲೂ, ಇವರಂತೆಯೇ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡಿದ್ದ ಇಕಿತ್ಸುಕಿ ದ್ವೀಪದ ಹಲವರು ಚರ್ಚಿಗೆ ಮರಳದೆ ಹಿರಿಯರ ಆಚರಣೆಯನ್ನೇ ಹಿಡಿದು ನಿಂತರು. ಅವರನ್ನು ಹೀಗಳೆಯುವ ಹಕ್ಕು ನಮಗಿಲ್ಲ; ಪ್ರಾಣ ಕೊಟ್ಟು ಉಳಿಸಿದ್ದನ್ನು ಬಿಡು ಎಂದರೆ ಯಾರು ಬಿಟ್ಟಾರು? ಆದರೂ ಇಂದು ಆ ಪ್ರಾರ್ಥನೆಗಳನ್ನು ಕಲಿಯುವವರು ತೀರಾ ಕಡಿಮೆ. ಹಳ್ಳಿಗಳು ಬರಿದಾದದ್ದೂ ಕಾರಣವೇ. ಇದ್ದದ್ದು ಇದ್ದಂತೆಯೇ ಇರಬೇಕೆಂಬ ಹಟವೂ ಒಂದು ಕಾರಣವೆಂದು ನನ್ನ ಭಾವನೆ.

ಉರಕಾಮಿಯವರಿಗೆ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. 1873ರಲ್ಲಿ ನಿಷೇಧ ಸಡಿಲಿ ಊರಿಗೆ ಬಂದವರು, ತಮ್ಮ ಹಿರಿಯರು ಚಿತ್ರ ತುಳಿಯಬೇಕಾಗಿದ್ದ ಪಟೇಲನ ಮನೆಯ ಜಾಗವನ್ನೇ ಕೊಂಡು ದೊಡ್ಡ ಚರ್ಚು ಕಟ್ಟಿದರು. 1945ರ ಆಗಸ್ಟ್ 9ರ ಅಣುಬಾಂಬಿಗೆ ಅದೂ ಉರುಳಿತು. ಸುಮಾರು 12,000 ವಿಶ್ವಾಸಿಗಳಲ್ಲಿ 8,500 ಮಂದಿ ಸತ್ತರು. ಮುಂದೆ, ಹಿರೋಷಿಮಾದ ಗುಮ್ಮಟದಂತೆ ಈ ಪಾಳುಗೋಡೆಗಳನ್ನೂ ಉಳಿಸಿರೆಂದು ಅನೇಕರು ಬೇಡಿಕೊಂಡರು. ಆ ಬೇಡಿಕೆಯಲ್ಲಿ ಹುರುಳಿತ್ತು. ಲೋಕಕ್ಕೆ ಆ ಸಾಕ್ಷ್ಯ ಬೇಕಿತ್ತು. ಆದರೆ ಅಲ್ಲಿ ಪೂಜೆ ನಡೆಯಬೇಕಾದ ಜೀವಂತ ಸಭೆಯೊಂದಿತ್ತು, ಆ ನೆಲಕ್ಕೆ ಅವರ ಹಿರಿಯರು ತೆತ್ತ ಬೆಲೆಯಿತ್ತು. ಧರ್ಮಾಧ್ಯಕ್ಷರು ಅದೇ ಜಾಗದಲ್ಲಿ ಕಟ್ಟಲು ನಿಶ್ಚಯಿಸಿದರು, 1959ರಲ್ಲಿ ಹೊಸ ಚರ್ಚು ಎದ್ದಿತು. ಹಳೆಯ ಗೋಡೆಯ ತುಂಡೊಂದನ್ನು ಬಾಂಬು ಸಿಡಿದ ಸ್ಥಳದ ಉದ್ಯಾನದಲ್ಲಿ ನಿಲ್ಲಿಸಿದ್ದಾರೆ. ಜನ ಬಲಿಪೂಜೆಗೆ ಸೇರುವುದು ಹೊಸ ಚರ್ಚಿನಲ್ಲಿ.



ನಿನ್ನ ತಮ್ಮ