ಫುಲರ್ಟನ್ನಿನ ಹೊನ್ನಕ್ಷರ

ಲಾಸ್ ಏಂಜಲೀಸ್ ನಗರದಿಂದ ಆಗ್ನೇಯಕ್ಕೆ ಸುಮಾರು 25 ಮೈಲಿ ಸಾಗಿದರೆ ಫುಲರ್ಟನ್ ಎಂಬ ಊರು ಸಿಗುತ್ತದೆ. 1887ರಲ್ಲಿ ರೈಲುಮಾರ್ಗದ ಆಸರೆಯಲ್ಲಿ ಹುಟ್ಟಿ, ಕಿತ್ತಳೆಯ ತೋಟಗಳಿಂದ ಬೆಳೆದ ಊರಿದು. ತೋಟಗಳಿದ್ದ ನೆಲದಲ್ಲಿ ಇಂದು ಮನೆಗಳೂ ರಸ್ತೆಗಳೂ ಹಬ್ಬಿವೆ. ಸಂಗೀತಪ್ರಿಯರನ್ನು ಇಲ್ಲಿಗೆ ಸೆಳೆದು ತರುವುದು ಫೆಂಡರ್ ಎಂಬ ಹೆಸರು. ಊರಿನ ವಸ್ತುಸಂಗ್ರಹಾಲಯದಲ್ಲಿ ಆ ಹೆಸರಿಗೆ ಒಂದು ಗ್ಯಾಲರಿಯೇ ಮೀಸಲಾಗಿದೆ.

ಲಿಯೋ ಫೆಂಡರ್ 1909ರಲ್ಲಿ ಈ ಸೀಮೆಯ ಕಿತ್ತಳೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವನು. 1938ರಲ್ಲಿ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದ. ಗಿಟಾರ್ ನುಡಿಸಲು ಬಾರದ ಈತನೇ, ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ ಧ್ವನಿವರ್ಧಕಕ್ಕೆ ಕೊಡುವ ಗಟ್ಟಿಮರದ ಗಿಟಾರುಗಳನ್ನು ಮಾಡಿ ಜಗದ್ವಿಖ್ಯಾತನಾದುದು ಸೋಜಿಗವಲ್ಲವೇ!

ನಮ್ಮ ವೀಣೆಗಿರುವಂತೆ ಗಿಟಾರಿಗೂ ಬಿರಡೆಗಳುಂಟು. ಬಿರಡೆಗಳಿರುವ ತಲೆಭಾಗದ ಮೇಲೆ ಫೆಂಡರ್ ತನ್ನ ಹೆಸರಿನ ತೆಳುವಾದ ಅಂಟುಚೀಟಿಯನ್ನು ಹಚ್ಚುತ್ತಿದ್ದ. ಕಪ್ಪು ಅಂಚಿನ, ಬೆಳ್ಳಿಯ ಅಥವಾ ಹೊನ್ನಿನ ಬಣ್ಣದ ಕೂಡಕ್ಷರಗಳು. ಮೊದಲಿನ ‘ಎಫ್’ ಮಾತ್ರ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದು. ಇಟಲಿಯವರ ಉದ್ದ ಶಾವಿಗೆಯ ಎಳೆಗಳನ್ನು ಹೋಲುವುದರಿಂದ ಸಂಗ್ರಾಹಕರು ಇದನ್ನು ‘ಸ್ಪಗೆಟಿ’ ಅಕ್ಷರವೆನ್ನುತ್ತಾರೆ.

ಚೀಟಿ ಚಿಕ್ಕದಾದರೂ ಅದರ ಚರಿತ್ರೆ ಚಿಕ್ಕದಲ್ಲ. 1950ರ ಕೊನೆಯಲ್ಲಿ ‘ಬ್ರಾಡ್‌ಕಾಸ್ಟರ್’ ಎಂಬ ಗಿಟಾರು ಹೊರಬಂದಿತು. ತಮ್ಮ ಡ್ರಮ್ಮುಗಳಿಗೆ ಅದೇ ಉಚ್ಚಾರದ ಹೆಸರಿದೆಯೆಂದು ಗ್ರೆಚ್ ಕಂಪೆನಿಯವರು 1951ರಲ್ಲಿ ತಕರಾರೆತ್ತಿದರು. ಫೆಂಡರನ ಕೆಲಸಗಾರರು ಸಿದ್ಧವಾಗಿದ್ದ ಚೀಟಿಗಳಿಂದ ಆ ಪದವನ್ನು ಕತ್ತರಿಸಿ ತೆಗೆದು, ‘ಫೆಂಡರ್’ ಎಂಬುದನ್ನಷ್ಟೇ ಅಂಟಿಸಿದರು. ಕೆಲವು ತಿಂಗಳಲ್ಲಿ ‘ಟೆಲಿಕಾಸ್ಟರ್’ ಎಂಬ ಹೊಸ ನಾಮಕರಣವಾಯಿತು. ನಡುವಿನ ಆ ಹೆಸರಿಲ್ಲದ ಗಿಟಾರುಗಳಿಗೆ ಸಂಗ್ರಾಹಕರಲ್ಲಿ ಇಂದು ಎಲ್ಲಿಲ್ಲದ ಬೇಡಿಕೆ!

1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ಹತ್ತು ವರ್ಷ ಆ ಎಳೆಯಕ್ಷರವನ್ನೇ ಧರಿಸಿತು. ಅಷ್ಟರಲ್ಲಿ ಕಂಪೆನಿಯ ಜಾಹೀರಾತುಗಳ ಕಲಾವಿದ ರಾಬರ್ಟ್ ಪೆರೈನ್ ದಪ್ಪನೆಯ ಹೊನ್ನಕ್ಷರವೊಂದನ್ನು ರೂಪಿಸಿದ್ದ. ದೂರಕ್ಕೆ ಎದ್ದು ಕಾಣುವ ಆ ಬರಹ 1964ರಲ್ಲಿ ಸ್ಟ್ರಾಟೋಕಾಸ್ಟರಿನ ತಲೆಯೇರಿತು. ಮರುವರ್ಷದ ಜನವರಿಯಲ್ಲಿ ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆ 130 ಲಕ್ಷ ಡಾಲರು ತೆತ್ತು ಫೆಂಡರನ ಕಂಪೆನಿಯನ್ನು ಕೊಂಡಿತು. ಹೊಸ ಒಡೆಯರು ಗಿಟಾರಿನ ತಲೆಯನ್ನು ಹಿಗ್ಗಿಸಿದರು. 1968ರಲ್ಲಿ ಬಣ್ಣವೂ ಅದಲುಬದಲಾಗಿ, ಹೊನ್ನಿನ ಅಂಚಿನ ಕಪ್ಪಕ್ಷರ ಬಂದಿತು. ಹೀಗಾಗಿ ಬಲ್ಲವರು ಅಕ್ಷರವನ್ನು ನೋಡಿಯೇ ವಾದ್ಯದ ಕಾಲವನ್ನು ಅಂದಾಜು ಮಾಡುತ್ತಾರೆ. ಆದರೆ ನಕಲಿ ಚೀಟಿಗಳೂ ಇರುವುದರಿಂದ, ಎಚ್ಚರವುಳ್ಳವರು ಮರವನ್ನೂ ಒಳಗಿನ ತಂತಿ ಜೋಡಣೆಯನ್ನೂ ಪರೀಕ್ಷಿಸದೆ ಹಣ ತೆರುವುದಿಲ್ಲ.

ಕಂಪೆನಿಯೊಡನೆ ಮಾರಾಟವಾದ ಸೊತ್ತಿನಲ್ಲಿ ಆತನ ಮನೆತನದ ಹೆಸರೂ ಸೇರಿತ್ತು. ಲಿಯೋ ಸುಮ್ಮನೆ ಕೂಡುವ ಜೀವವಲ್ಲ. 1980ರ ಸುಮಾರಿಗೆ, ಎಪ್ಪತ್ತರ ವಯಸ್ಸಿನಲ್ಲಿ, ಹಳೆಯ ಸಂಗಾತಿ ಜಾರ್ಜ್ ಫುಲರ್ಟನ್‌ನೊಡನೆ ಇದೇ ಊರಿನಲ್ಲಿ ಮತ್ತೊಂದು ಕಾರ್ಖಾನೆ ಹೂಡಿದ. ಆದರೆ ಅಲ್ಲಿ ಮಾಡಿದ ಗಿಟಾರುಗಳಿಗೆ ‘ಫೆಂಡರ್’ ಎಂದು ಹೆಸರಿಡುವಂತಿರಲಿಲ್ಲ. ತಮ್ಮಿಬ್ಬರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಜಿ ಅಂಡ್ ಎಲ್’ ಎಂದರು. ಇತ್ತ 1985ರಲ್ಲಿ ಸಿ.ಬಿ.ಎಸ್. ಕೈಯಿಂದ ಹಳೆಯ ಕಂಪೆನಿಯನ್ನು ಅದರ ನೌಕರರೇ ಕೊಂಡರು. ಕಟ್ಟಡಗಳು ಮಾತ್ರ ಆ ಕ್ರಯದಲ್ಲಿ ಸೇರಿರಲಿಲ್ಲ. ಫೆಂಡರ್ ಎಂಬ ಹೆಸರು ಕರೋನಾ ಎಂಬ ಬೇರೆ ಊರಿಗೆ ಹೊರಟುಹೋಯಿತು. ಹೆಸರಿನ ಮನುಷ್ಯ ಫುಲರ್ಟನ್ನಿನಲ್ಲಿಯೇ ಉಳಿದು, 1991ರ ಮಾರ್ಚಿಯಲ್ಲಿ ತೀರಿಕೊಳ್ಳುವವರೆಗೂ ದುಡಿದ.

ಫುಲರ್ಟನ್ನಿಗೆ ಹೋಗುವವರು ಆ ಹಳೆಯ ಗಿಟಾರುಗಳ ತಲೆಭಾಗದ ಮೇಲೊಮ್ಮೆ ಕಣ್ಣು ಹಾಯಿಸಬೇಕು. ಅಕ್ಷರ ಸಣ್ಣದಾಗಿದ್ದಾಗ ಅದರ ಒಡೆಯ ಪಕ್ಕದ ಕೋಣೆಯಲ್ಲಿಯೇ ಕೆಲಸ ಮಾಡುತ್ತಿದ್ದ. ಅಕ್ಷರ ದಪ್ಪವಾಗಿ ಲೋಕಕ್ಕೆಲ್ಲ ಕಾಣಿಸುವ ಹೊತ್ತಿಗೆ ಅದು ಆತನದಾಗಿರಲಿಲ್ಲ.