ಬ್ರಹ್ಮಕಮಲದ ಒಂದು ಎಲೆ

ಆಷಾಢದ ಗಾಳಿ ಬೀಸತೊಡಗಿತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ವಿಶೇಷ ಬಗೆಯ ಆಮಂತ್ರಣ ಹೊರಡುವುದುಂಟು. “ಈ ರಾತ್ರಿ ನಮ್ಮಲ್ಲಿ ಬ್ರಹ್ಮಕಮಲ ಅರಳುತ್ತದೆ, ಊಟ ಮುಗಿಸಿಕೊಂಡು ಬನ್ನಿ” ಎಂದು ಕಾಂಪೌಂಡಿನ ಮೇಲಿಂದ ಒಂದು ಮಾತು ಹೇಳಿದರೆ ಸಾಕು. ಮಡಿಯ ಅಜ್ಜಿಯಿಂದ ಹಿಡಿದು ಮರುದಿನ ಪರೀಕ್ಷೆಯಿರುವ ಹುಡುಗನವರೆಗೆ ಎಲ್ಲರೂ ಕುಂಡದ ಸುತ್ತ ನೆರೆಯುತ್ತಾರೆ. ಕತ್ತಲಾದ ಮೇಲೆ ಬಿರಿಯಲಾರಂಭಿಸಿದ ಮೊಗ್ಗು ನಡುರಾತ್ರಿಗೆ ಬೊಗಸೆಯಗಲದ ಬಿಳಿಯ ಹೂವಾಗಿ, ಬೆಳಗಿನ ಹಾಲು ಬರುವ ವೇಳೆಗೆ ಜೋತುಬಿದ್ದಿರುತ್ತದೆ.

ಬಸವನಗುಡಿಯ ಒಂದು ಮನೆಯಲ್ಲಿ ಅಂತಹ ಗಿಡವೊಂದಿತ್ತು. ಮನೆಯ ಹಿರಿಯಾಕೆ ಮದುವೆಯಾಗಿ ಬಂದಾಗ ತವರಿನಿಂದ ಒಂದು ‘ಎಲೆ’ಯನ್ನು ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟಿದ್ದು ಅದು. ಆ ತವರುಮನೆ ಈಗಿಲ್ಲ. ಅದರ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ. ಒಂದು ಮಳೆಗಾಲದಲ್ಲಿ ಆಕೆ ಮಗಳ ಬಾಣಂತನಕ್ಕೆಂದು ಧಾರವಾಡಕ್ಕೆ ಹೊರಟು ನಿಂತಾಗ ಸೊಸೆಗೆ ಹೇಳಿದ್ದು ಒಂದೇ ಮಾತು: “ಗಿಡ ನೋಡಿಕೋ ತಾಯಿ.”

ಸೊಸೆ ನೋಡಿಕೊಂಡಳು, ಅದೇ ಮುಳುವಾಯಿತು. ಸಾಕ್ಷಾತ್ ಬ್ರಹ್ಮನ ಹೂವಿಗೆ ಹಳೆಯ ಮರಳುಮಣ್ಣೇ ಎಂದು, ಕೆರೆಯ ಗೋಡುಮಣ್ಣಿಗೆ ಗೊಬ್ಬರ ಬೆರೆಸಿ ಕುಂಡ ತುಂಬಿದಳು. ಮಳೆ ಹೊಯ್ಯುತ್ತಿದ್ದರೂ ಸ್ನಾನವಾದೊಡನೆ ಭಕ್ತಿಯಿಂದ ಒಂದು ಚೊಂಬು ನೀರು ತಪ್ಪಲಿಲ್ಲ. ಮೂರು ವಾರಗಳಲ್ಲಿ ಗಿಡದ ಬುಡ ಕಂದಾಗಿ ಮೆತ್ತಗಾಯಿತು. ಮುಟ್ಟಿದರೆ ಕೊಳೆತ ವಾಸನೆ.

ಸಸ್ಯಶಾಸ್ತ್ರದ ಉಪನ್ಯಾಸಕನಾದ ಮೈದುನ ಬಂದು ನೋಡಿ ನಕ್ಕ. “ಅತ್ತಿಗೆ, ಇದು ಬ್ರಹ್ಮಕಮಲವೇ ಅಲ್ಲ. ಅದು ಹಿಮಾಲಯದ ಶಿಖರಗಳ ಮೇಲಿನ ಗಿಡ. 2000ದಲ್ಲಿ ರಚನೆಯಾದ ಉತ್ತರಾಖಂಡದ ರಾಜ್ಯಪುಷ್ಪ. ಕೇದಾರನಾಥನಿಗೆ ಅರ್ಪಿಸುವುದು ಅದನ್ನು. ಸೇವಂತಿಗೆ, ಸೂರ್ಯಕಾಂತಿಗಳ ಬಳಗ ಅದರದು. ಇದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ.”

“ಕಳ್ಳಿಯೇ! ಮುಳ್ಳೆಲ್ಲಿದೆ? ಹಾಲೆಲ್ಲಿದೆ?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಬೇಲಿಯ ಹಾಲುಗಳ್ಳಿಯ ಕುಲವೇ ಬೇರೆ. ಪಾಪಾಸುಕಳ್ಳಿಯ ಕುಲಕ್ಕೆ ಹಾಲಿಲ್ಲ, ಬಲಿತ ಬ್ರಹ್ಮಕಮಲಕ್ಕೆ ಮುಳ್ಳೂ ಇಲ್ಲ. ನಾವು ಎಲೆಯೆನ್ನುವುದು ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳಿಂದ ಚಿಗುರೂ ಮೊಗ್ಗೂ ಹೊರಡುವುದು ಆ ಕಾರಣದಿಂದಲೇ. ಅದನ್ನು ಎಲೆಯೆಂದುಕೊಂಡವರು ನಾಚಬೇಕಾಗಿಲ್ಲ. 1812ರಲ್ಲಿ ಈ ಬಳಗಕ್ಕೆ ಎಪಿಫಿಲ್ಲಮ್ ಎಂದು ನಾಮಕರಣ ಮಾಡಿದ ಆಂಗ್ಲ ಸಸ್ಯಜ್ಞ ಹಾವರ್ತ್ ಆರಿಸಿಕೊಂಡದ್ದೂ ‘ಎಲೆಯ ಮೇಲೆ’ ಎಂಬರ್ಥದ ಗ್ರೀಕ್ ಮಾತುಗಳನ್ನೇ.

ಕಳ್ಳಿಯೆಂದ ಮೇಲೆ ಬಿಸಿಲೇ ಅದಕ್ಕೆ ಮದ್ದೆಂದು ಸೊಸೆ ತೀರ್ಮಾನಿಸಿದಳು. ಕೊಳೆಯದೆ ಉಳಿದಿದ್ದ ತುದಿಗಳನ್ನು ಕತ್ತರಿಸಿ, ಹಸಿ ಗಾಯದಲ್ಲೇ ಮಣ್ಣಿಗೂರಿ, ತಾರಸಿಯ ಮೇಲಿಟ್ಟು ನೀರು ನಿಲ್ಲಿಸಿದಳು. ಅಷ್ಟರಲ್ಲಿ ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಟ್ಟಿತು. ತುಂಡುಗಳು ಹಳದಿಯಾಗಿ, ಸುಕ್ಕುಗಟ್ಟಿ, ಒಂದೊಂದಾಗಿ ಮಲಗಿದವು. ಮೈದುನನಿಗೆ ಗಿಡದ ಕುಲಗೋತ್ರ ತಿಳಿದಿತ್ತು. ಕುಂಡದ ವಿಚಾರ ಅಷ್ಟಾಗಿ ತಿಳಿದಿರಲಿಲ್ಲ. ಅತ್ತೆ ಹಿಂದಿರುಗಲು ಒಂದೂವರೆ ತಿಂಗಳು ಉಳಿದಿತ್ತು. ಸೊಸೆಗೆ ರಾತ್ರಿ ನಿದ್ದೆ ಹತ್ತದಾಯಿತು.

ದಾರಿ ತೋರಿದವರು ಎದುರುಮನೆಯ ವೃದ್ಧೆ. “ಕಳ್ಳಿಯೇ ಇರಬಹುದಮ್ಮ, ಆದರೆ ಕಾಡಿನ ಕಳ್ಳಿ. ಮರದ ಕವಲಿನಲ್ಲಿ ಕುಳಿತು ಬೆಳೆಯುವಂಥದು. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ತರಗೆಲೆ ಕೊಳೆತ ಪುಡಿಯೇ ಅದಕ್ಕೆ ಅನ್ನ. ನೆರಳೂ ಬೇಕು, ಬೆಳಕೂ ಬೇಕು, ಬೇರಿಗೆ ಗಾಳಿಯಾಡಬೇಕು” ಎಂದು ತಮ್ಮ ಗಿಡದಿಂದ ಬಲಿತ, ದಟ್ಟ ಹಸುರಿನ, ಗೇಣುದ್ದದ ತುಂಡೊಂದನ್ನು ಕೊಯ್ದು, ಬುಡದ ಕಡೆ ಯಾವುದೆಂದು ಮರೆಯದಂತೆ ದಾರ ಕಟ್ಟಿ ಕೊಟ್ಟರು.

ಅದನ್ನು ತಕ್ಷಣ ನೆಡಕೂಡದು. ಸೊಸೆ ಅಡುಗೆಮನೆಯ ಗೂಡಿನಲ್ಲಿ ಒಂದು ವಾರ ಬರಿದೇ ಇಟ್ಟಳು. ಕೊಯ್ದ ಬಾಯಿ ಒಣಗಿ ಪೊರೆಗಟ್ಟಿತು. ಬಳಿಕ ದಪ್ಪ ಮರಳು, ಎಲೆಗೊಬ್ಬರ, ಹಿಡಿಯಷ್ಟು ಇದ್ದಿಲಚೂರು ಬೆರೆಸಿದ ಮಿಶ್ರಣದಲ್ಲಿ ಎರಡು ಬೆರಳಾಳಕ್ಕೆ ನಿಲ್ಲಿಸಿ, ಕಡ್ಡಿಗೆ ಕಟ್ಟಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಚಿಮುಕಿಸಿದಳು. ಬೇರು ಬಂತೇ ಎಂದು ಕಿತ್ತು ನೋಡುವ ಆಸೆಯೊಂದಿದೆ. ಬಹುಪಾಲು ತುಂಡುಗಳು ಸಾಯುವುದು ಅದರಿಂದಲೇ ಎಂದರೂ ತಪ್ಪಾಗಲಾರದು. ಆಕೆ ಕೈಕಟ್ಟಿ ಕುಳಿತಳು. ಐದನೆಯ ವಾರ ತುಂಡನ್ನು ಮೆಲ್ಲನೆ ಅಲುಗಿಸಿದರೆ ಅದು ಅಲುಗಲಿಲ್ಲ. ಒಂದು ಕಚ್ಚಿನಲ್ಲಿ ಕೆಂಪು ಛಾಯೆಯ ಚಿಗುರು ಇಣುಕಿತ್ತು.

ಅತ್ತೆ ಬಂದವರೇ ಹಿತ್ತಿಲಿಗೆ ನಡೆದರು. ದೊಡ್ಡ ಕುಂಡವಿದ್ದ ಜಾಗದಲ್ಲಿ ಚಿಕ್ಕದೊಂದಿತ್ತು. ಸೊಸೆ ನಡೆದುದನ್ನೆಲ್ಲ ಹೇಳಿದಳು; ಗೋಡುಮಣ್ಣಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಈ ತುಂಡು ಎಲ್ಲಿಯದು?” ಎಂದರು.

“ಎದುರುಮನೆಯದು ಅತ್ತೆ.”

“ಅವರಿಗೆ ಕೊಟ್ಟವಳು ನಾನೇ. ಹಾಗಾದರೆ ಇದು ನಮ್ಮಮ್ಮನ ಗಿಡವೇ” ಎಂದು ಕುಂಡವನ್ನು ಕೊಂಚ ನೆರಳಿಗೆ ಸರಿಸಿದರು.

ಮೂರನೆಯ ಮಳೆಗಾಲದಲ್ಲಿ ಮೊಗ್ಗಾಯಿತು. ಕೆಳಕ್ಕೆ ತೂಗುತ್ತಿದ್ದ ಮೊಗ್ಗು ಅರಳುವ ದಿನ ಕೊಕ್ಕೆಯಂತೆ ಬಾಗಿ ಮೇಲೆ ಮುಖ ಮಾಡಿತು, ಕೇರಿಯೆಲ್ಲ ಸೇರಿತು. ಉಪನ್ಯಾಸಕ ಮಗ ನೆರೆದವರಿಗೆ ಹೂವಿನ ನಿಜನಾಮವನ್ನು ವಿವರಿಸಲು ಗಂಟಲು ಸರಿಮಾಡಿಕೊಂಡ.

“ಕಳ್ಳಿಯಾದರೆ ಕಳ್ಳಿಯೇ ಆಗಲಿ ಕಣೋ” ಎಂದರು ತಾಯಿ. “ಆ ಆರತಿ ತಟ್ಟೆ ಇತ್ತ ತಾ.”