ಶ್ರೇಯಾಂಕದ ಪಟ್ಟಿಯೂ ಗಡಿಯ ಮಕ್ಕಳೂ

ಕೇಂದ್ರ ಶಿಕ್ಷಣ ಸಚಿವಾಲಯವು ವಿಶ್ವವಿದ್ಯಾಲಯಗಳ ಹಾಗೂ ವೃತ್ತಿಶಿಕ್ಷಣ ಸಂಸ್ಥೆಗಳ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸಿದೊಡನೆ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ನಮ್ಮ ಮನೆಗಳಲ್ಲಿಯೂ ಚರ್ಚೆ ಆರಂಭವಾಗುತ್ತದೆ. “ಗುರುಗಳೇ, ಆ ಕಾಲೇಜು ಹೋದ ವರ್ಷಕ್ಕಿಂತ ಕೆಳಗ ಬಂದದಂತ. ಮಗನ್ನ ಅಲ್ಲಿ ಹಚ್ಚಬೇಕೋ ಬ್ಯಾಡೋ?” ಎಂದು ಪಾಲಕರು ಕೇಳುತ್ತಾರೆ. ಹೊಲವನ್ನು ಒತ್ತೆಯಿಟ್ಟು ಮಕ್ಕಳನ್ನು ಓದಿಸುವ ಕುಟುಂಬಕ್ಕೆ ಇದು ಹಗುರವಾದ ಪ್ರಶ್ನೆಯಲ್ಲ. ಆದುದರಿಂದ ಆ ಅಂಕಿ ಹೇಗೆ ಹುಟ್ಟುತ್ತದೆಂಬುದನ್ನು ಅರಿಯುವುದು ಅವಶ್ಯ.

ಈ ಪಟ್ಟಿ ಮೊದಲು ಹೊರಬಂದುದು 2016ರಲ್ಲಿ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ನೂರು ಅಂಕಗಳ ಪೈಕಿ ಬೋಧನೆ ಮತ್ತು ಸೌಲಭ್ಯಗಳಿಗೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶಕ್ಕೆ 20, ಎಲ್ಲ ವರ್ಗಗಳಿಗೂ ಪ್ರದೇಶಗಳಿಗೂ ಬಾಗಿಲು ತೆರೆದುದಕ್ಕೆ 10, ಬಲ್ಲವರ ಅಭಿಪ್ರಾಯಕ್ಕೆ 10 ಎಂದು ಹಂಚಿಕೆಯಾಗಿದೆ. ಮಾಹಿತಿಯ ಬಹುಭಾಗವನ್ನು ಸಂಸ್ಥೆಗಳೇ ಒದಗಿಸುತ್ತವೆ.

ಸ್ಥಾನವೆಂಬುದು ಯಾರೊಡನೆ ಹೋಲಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2016ರಿಂದ 2025ರವರೆಗೆ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಸತತವಾಗಿ ಪ್ರಥಮ. ಆದರೆ ಎಲ್ಲ ಬಗೆಯ ಸಂಸ್ಥೆಗಳನ್ನೂ ಕೂಡಿಸಿ ಎಣಿಸುವ ಪಟ್ಟಿಯಲ್ಲಿ 2019ರಿಂದ 2025ರವರೆಗೆ ಮೊದಲನೆಯದು ಮದರಾಸಿನ ಐ.ಐ.ಟಿ.; ವಿಜ್ಞಾನ ಸಂಸ್ಥೆಯದು ಎರಡನೆಯ ಸ್ಥಾನ. ಅಂಗಳ ಒಂದೇ, ಪ್ರಯೋಗಾಲಯಗಳು ಅವೇ. ಪಂಕ್ತಿ ಮಾತ್ರ ಬೇರೆ.

ಅಮೆರಿಕೆಯಲ್ಲಿ ಇಂಥ ಪಟ್ಟಿಗಳನ್ನು ಯು.ಎಸ್. ನ್ಯೂಸ್ ಎಂಬ ಪತ್ರಿಕೆ ಬಹುಕಾಲದಿಂದ ಪ್ರಕಟಿಸುತ್ತಿದೆ. ಡಾ. ಅಂಬೇಡ್ಕರರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯವು ಅದರಲ್ಲಿ ಎರಡನೆಯದಾಗಿತ್ತು. ತನ್ನ ಸಂಸ್ಥೆ ಒದಗಿಸಿದ ಅಂಕಿಅಂಶಗಳು ಸರಿಯಿಲ್ಲವೆಂದು ಅಲ್ಲಿಯ ಗಣಿತ ಪ್ರಾಧ್ಯಾಪಕರೊಬ್ಬರೇ ತೋರಿಸಿಕೊಟ್ಟ ಮೇಲೆ, 2022ರಲ್ಲಿ ಅದು ಹದಿನೆಂಟಕ್ಕೆ ಇಳಿಯಿತು. ಅದೇ ವರ್ಷದ ನವೆಂಬರಿನಲ್ಲಿ, ಕಾನೂನು ಶಾಲೆಗಳಲ್ಲಿ ಮೊದಲನೆಯದೆನಿಸಿದ್ದ ಯೇಲ್ ತಾನಾಗಿಯೇ ಹಿಂದೆ ಸರಿಯಿತು. ಕಡಿಮೆ ಸಂಬಳದ ಜನಸೇವೆಯನ್ನು ಆರಿಸಿಕೊಂಡ ವಿದ್ಯಾರ್ಥಿಗಳಿಗೆ ಆ ಅಳತೆಯಲ್ಲಿ ಬೆಲೆಯಿಲ್ಲವೆಂಬುದು ಅದರ ಆಕ್ಷೇಪ. ಬಳಿಕ ಪತ್ರಿಕೆಯು ತನ್ನ ಅಳತೆಯನ್ನೇ ಬದಲಿಸಿತು.

ಇನ್ನು ನಮ್ಮ ನೆಲಕ್ಕೆ ಬರೋಣ. ಸೊಲ್ಲಾಪುರ ವಿಶ್ವವಿದ್ಯಾಲಯವು 2004ರಲ್ಲಿ ಕೇವಲ ಒಂದು ಜಿಲ್ಲೆಗಾಗಿ ಹುಟ್ಟಿತು. ಅದಕ್ಕೆ ಮೊದಲು ಇಲ್ಲಿಯ ಕಾಲೇಜುಗಳು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಈಗ ಅದು ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರರ ಹೆಸರನ್ನು ಹೊತ್ತಿದೆ. ಜಿಲ್ಲೆಯ ಮಕ್ಕಳಿಗೆ ಮನೆಯ ಹತ್ತಿರವೇ ವಿದ್ಯೆ ಕೊಡುವುದು ಅದರ ಧರ್ಮ. ಪಟ್ಟಿಯಾದರೋ ಬೇರೆ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೂ ಅಂಕ ಕೊಡುತ್ತದೆ. ಅಕ್ಕಲಕೋಟೆಯ ಹುಡುಗನು ರೈಲು ಹತ್ತಿ, ದುಧನಿಯನ್ನು ದಾಟಿ ಕಲಬುರಗಿಗೆ ಹೋದರೆ ಅಲ್ಲಿ ಅವನು ಪರರಾಜ್ಯದವನು. ಭಾಷೆ ಅದೇ, ಬೀಗರೂ ಅಲ್ಲಿಯವರೇ. ಲೆಕ್ಕದಲ್ಲಿ ಮಾತ್ರ ಹೊರಗಿನವನು!

ಈ ಪಟ್ಟಿ ಮುಟ್ಟದ ಇನ್ನೊಂದು ಸಂಗತಿಯೂ ಉಂಟು. ವೈದ್ಯಕೀಯ, ಕಾನೂನು, ಔಷಧಶಾಸ್ತ್ರ, ದಂತವೈದ್ಯಗಳಿಗೆ ಪ್ರತ್ಯೇಕ ವಿಭಾಗಗಳಿವೆ. 2025ರವರೆಗಿನ ಪಟ್ಟಿಗಳಲ್ಲಿ ಶಿಕ್ಷಕರ ತರಬೇತಿಗೆ ಅಂಥದೊಂದಿಲ್ಲ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗೆ ನಾಳೆ ಬರಬೇಕಾದ ಗುರುಗಳು ಎಲ್ಲಿ, ಹೇಗೆ ಸಿದ್ಧರಾಗುತ್ತಿದ್ದಾರೆಂಬ ಪ್ರಶ್ನೆಗೆ ಯಾವ ಶ್ರೇಯಾಂಕವೂ ಉತ್ತರಿಸದು. ನಮ್ಮ ಶಾಲೆಗಳ ಅಳಿವು ಉಳಿವು ಮಾತ್ರ ಅದನ್ನೇ ಅವಲಂಬಿಸಿದೆ.

ಹಾಗೆಂದು ಪಟ್ಟಿಯನ್ನು ಬಿಸುಡಬೇಕಾಗಿಲ್ಲ. ಅದನ್ನು ಓದಿರಿ, ಸ್ಥಾನದ ಜೊತೆಗೆ ವಿಭಾಗವಾರು ಅಂಕಗಳನ್ನೂ ನೋಡಿರಿ. ಬಳಿಕ ಒಮ್ಮೆ ಕಾಲೇಜಿಗೇ ಹೋಗಿ ವಿಚಾರಿಸಿರಿ: ಕಾಯಂ ಅಧ್ಯಾಪಕರು ಎಷ್ಟು ಜನ? ಗ್ರಂಥಾಲಯ ಸಂಜೆಯೂ ತೆರೆದಿರುವುದೇ? ವಸತಿಯ ಖರ್ಚೆಷ್ಟು? ಕನ್ನಡ ಶಾಲೆಯಿಂದ ಬಂದ ಹಳ್ಳಿಯ ಹುಡುಗಿ ಅಲ್ಲಿ ಓದನ್ನು ನಡುವೆ ಬಿಡದೆ ಮುಗಿಸಿದ್ದಾಳೆಯೇ? ಹೊಲದ ಪತ್ರವನ್ನು ಒತ್ತೆಯಿಡುವ ಮುನ್ನ ತಿಳಿಯಬೇಕಾದ ಮಾತುಗಳು ಇವು.